ಹಳದಿ ಟವೆಲ್ಲಿನ ತಾತನಿಗೆ, ಮತ್ತೆ ನಿಮಗೆಲ್ಲರಿಗೂ

ಇವತ್ತಿಗೆ ಸರಿಯಾಗಿ ಒಂದು ವರ್ಷ. ಹೋದ ವಾರ ಡಾಕ್ಟರು ಮಗನನ್ನು ನೋಡಿ, ಇನ್ನು ಮೇಲೆ ಬರುವುದು ಬೇಡ ಅಂದರು. ಅವನೀಗ ಪೂರ್ತಿ ದಿನ ಶಾಲೆಯಲ್ಲಿ ಕೂರುತ್ತಾನೆ. ಲೈಟ್ ಹಾಕಿದರೆ ಮುಖ ಮುಚ್ಚಿಕೊಳ್ಳುವುದಿಲ್ಲ. ತಂಗಿಯ ಜೊತೆ ಮೊದಲಿನ ಹಾಗೇ ಕಿತ್ತಾಡುತ್ತಾನೆ. ಮೊನ್ನೆ ಇಬ್ಬರೂ ರಿಮೋಟಿಗಾಗಿ ಕಿರುಚಾಡುತ್ತಿದ್ದರೆ ನಾನು ಅಡುಗೆಮನೆಯಲ್ಲಿ ಸುಮ್ನೆ ನಿಂತು ಕೇಳಿದೆ. ಬೈಯಲು ಮನಸ್ಸೇ ಬರಲಿಲ್ಲ.

ಶಾಲೆಯ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಏನಾಯಿತು, ತಲೆಗೆ ಹೇಗೆ ಪೆಟ್ಟು ಬಿತ್ತು, ಎಷ್ಟು ಸ್ಕ್ಯಾನ್ ಆದವು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಅರ್ಧ ಜನ ಆ ಆಸ್ಪತ್ರೆಯ ಕೆಳಗಿನ ಕಾಫಿ ಕುಡಿದು ನನಗಿಂತ ಜಾಸ್ತಿ ಬೈದಿದ್ದೀರಿ. ಅದನ್ನು ಮತ್ತೆ ಹೇಳುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದ ಗೆಳತಿಯರು ಆರು ವಾರ ಬಾಗಿಲಿಗೆ ಪುಳಿಯೋಗರೆ, ಸಾರು, ಚಪಾತಿ ತಂದಿಟ್ಟು ಬೆಲ್ ಕೂಡ ಮಾಡದೆ ಹೋದಿರಿ. ಹಾಸನದಿಂದ ಅಮ್ಮ ದಿನಾ ಫೋನ್ ಮಾಡಿದಳು, ನನಗೆ ಹೇಳದೆ ಎಷ್ಟೋ ಹರಕೆ ಹೊತ್ತಳು. ಅವನ ಟೀಚರುಗಳು ಸ್ಕ್ರೀನ್ ನೋಡಬಾರದು ಅಂದಾಗ ಪಾಠಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕಳಿಸಿದರು. ನಮ್ಮವರು ಅವರಪ್ಪನ ತಿಥಿಗೆ ಹೋದವರು, ಮೂರು ವಿಮಾನ ಬದಲಿಸಿ ನಿದ್ದೆ ಇಲ್ಲದೆ ಓಡಿ ಬಂದರು. ಎಲ್ಲರಿಗೂ ಒಂದೇ ಪ್ಯಾರಾದಲ್ಲಿ ಹೇಳಿ ಮುಗಿಸುತ್ತಿದ್ದೀನಿ ಅಂತ ಬೇಜಾರು ಮಾಡ್ಕೋಬೇಡಿ. ನಿಮ್ಮ ಡಬ್ಬಿಗಳು ಇನ್ನೂ ನಮ್ಮ ಮನೆಯಲ್ಲೇ ಇವೆ, ವಾಪಸ್ ಕೊಡುವಾಗ ಒಬ್ಬೊಬ್ಬರಿಗೂ ಸರಿಯಾಗಿ ಹೇಳುತ್ತೇನೆ.

ಉಳಿದ ಜಾಗ ಪಕ್ಕದ ಮನೆಯ ತಾತನಿಗೆ.

ತಾತ ಅಂತ ಹೆಸರಿಟ್ಟಿದ್ದು ನನ್ನ ಮಗಳು. ಅವರಿಗೆ ಕನ್ನಡದಲ್ಲಿ ಗೊತ್ತಿರುವ ಒಂದೇ ಪದ ಅದು. ಹುಟ್ಟಿ ಬೆಳೆದದ್ದೆಲ್ಲ ಪಿಟ್ಸ್‌ಬರ್ಗ್. ಅವರಪ್ಪ ನದಿ ದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು, ಇವರೂ ಅಲ್ಲೇ ಸೇರಿದರು. ಎಂಬತ್ತರ ದಶಕದಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಶಾಲೆಯ ಬಸ್ ಓಡಿಸಿದರು. ಆ ರಾತ್ರಿಯವರೆಗೆ ನಮ್ಮ ಸಂಬಂಧ ಅಂದರೆ ಹಿಮ ಬಿದ್ದಾಗ ಅವರು ನಮ್ಮ ಮನೆ ಮುಂದೆಯೂ ಗುಡಿಸುತ್ತಿದ್ದರು, ಹಬ್ಬ ಬಂದರೆ ನಾನು ಕೋಡುಬಳೆ ಕೊಡುತ್ತಿದ್ದೆ, ಅಷ್ಟೇ.

ಎರಡನೇ ರಾತ್ರಿ. ನಮ್ಮವರು ಇನ್ನೂ ವಿಮಾನದಲ್ಲಿದ್ದರು. ಮಗಳು ಗೆಳತಿಯೊಬ್ಬಳ ಮನೆಯಲ್ಲಿ. ಮಗನ ಬ್ಯಾಗ್ ಕೊಡಲು ಬಂದ ತಾತ ನನ್ನ ಮುಖ ನೋಡಿ ಅಲ್ಲೇ ನಿಂತರು. ರಾತ್ರಿ ಮನೆಯವರು ಮಾತ್ರ ಇರಬಹುದು ಅಂದಳು ನರ್ಸ್. ಇವರು ನಮ್ಮ ಮಾವ ಅಂದುಬಿಟ್ಟೆ. ಅವಳು ಅವರ ಕೆಂಪು ಮುಖ ನೋಡಿದಳು, ನನ್ನ ಮುಖ ನೋಡಿದಳು, ಹೋಗಿ ಇನ್ನೊಂದು ಕುರ್ಚಿ ತಂದಳು. ಆ ನರ್ಸಿಗೂ ಥ್ಯಾಂಕ್ಸ್. ಹೆಸರು ಕೇಳುವುದು ಮರೆತೆ.

ಬಾಗಿಲಿನ ಗಾಜಿನಿಂದ ಕಾರಿಡಾರಿನ ಬೆಳಕು ನೇರವಾಗಿ ಮಗನ ಮುಖಕ್ಕೆ ಬೀಳುತ್ತಿತ್ತು. ಅವನು ನರಳುತ್ತಿದ್ದ. ತಾತ ಜಾಕೆಟ್ಟಿನ ಜೇಬಿನಿಂದ ಒಂದು ಹಳದಿ ಟವೆಲ್ ತೆಗೆದರು. ಈ ಊರಲ್ಲಿರುವವರಿಗೆ ಅದನ್ನು ಹೇಳಬೇಕಾಗಿಲ್ಲ. ಪಿಟ್ಸ್‌ಬರ್ಗಿನ ಫುಟ್‌ಬಾಲ್ ತಂಡ ಸ್ಟೀಲರ್ಸ್‌ನ 'ಟೆರಿಬಲ್ ಟವೆಲ್'. ರೇಡಿಯೋದ ಮೈರನ್ ಕೋಪ್ 1975ರಲ್ಲಿ ಶುರು ಮಾಡಿದ್ದು. ಆಟದ ದಿನ ಇಡೀ ಸ್ಟೇಡಿಯಂ ತಲೆ ಮೇಲೆ ತಿರುಗಿಸುವ ಆ ಟವೆಲ್ಲನ್ನು ತಾತ ನಾಲ್ಕು ಬ್ಯಾಂಡ್‌ಏಡ್ ಹಾಕಿ ಗಾಜಿಗೆ ಅಂಟಿಸಿದರು. ಕೋಣೆ ಕತ್ತಲಾಯಿತು. ಮಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಗಂಟೆಗೊಂದು ಸಲ ನರ್ಸ್ ಬಂದು ಎಬ್ಬಿಸುತ್ತಿದ್ದಳು. ನಿನ್ನ ಹೆಸರೇನು, ಯಾವ ತಿಂಗಳು, ಎಲ್ಲಿದ್ದೀಯ. ಒಂದು ಸಲ ಹಾಗೆ ಎದ್ದಾಗ ಅವನು ಕೇಳಿದ: ನಾನು ಮತ್ತೆ ಆಡ್ತೀನಾ?

ನಾನಾಗಿದ್ದರೆ ಆಡ್ತೀಯ ಕಂದ ಅನ್ನುತ್ತಿದ್ದೆ. ತಾತ ಹಾಗೆ ಅನ್ನಲಿಲ್ಲ. ನಿನಗೆ ಸ್ಟೀಲರ್ಸ್‌ನ ಹಳೆಯ ಕೋಚ್ ಚಕ್ ನೋಲ್ ಗೊತ್ತಾ ಅಂತ ಪಿಸುಗುಟ್ಟಿದರು.

ಗೊತ್ತು, ನಾಲ್ಕು ಸೂಪರ್ ಬೌಲ್ ಗೆದ್ದವನು ಅಂದ ಮಗ. ಸೂಪರ್ ಬೌಲ್ ಅಂದರೆ ಈ ಆಟದ ವರ್ಷದ ಫೈನಲ್. ಅದನ್ನು ಎಲ್ಲರೂ ಹೇಳ್ತಾರೆ, ನಾನು ಬೇರೆ ಹೇಳ್ತೀನಿ ಅಂದರು ತಾತ. ಬೆಳಗಿನವರೆಗೆ, ನರ್ಸ್ ಬಂದು ಹೋಗುವ ನಡುವೆ, ಕಂತು ಕಂತಾಗಿ ಆ ಕಥೆ ನಡೆಯಿತು. ನನಗೆ ಈ ಆಟದ ತಲೆಬುಡ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಹೆಚ್ಚುಕಡಿಮೆ ತಾತ ಹೇಳಿದ್ದೆಲ್ಲ ಸರಿ ಇತ್ತು.

ನೋಲ್ ಹುಟ್ಟಿದ್ದು 1932ರಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿ. ಬಡ ಮನೆ. ಕೆಲಸ ಮಾಡಿಕೊಂಡು ಶಾಲೆಯ ಫೀಸು ಕಟ್ಟಿದ ಹುಡುಗ. ನೊಟ್ರ್ ಡೇಮ್ ವಿಶ್ವವಿದ್ಯಾಲಯಕ್ಕೆ ಆಡಬೇಕು ಅಂತ ಹೋದ. ಅಲ್ಲಿ ಅಭ್ಯಾಸದ ವೇಳೆ ಮೂರ್ಛೆ ರೋಗ ಬಂತು. ಕೋಚ್ ಫ್ರಾಂಕ್ ಲೇಹಿ ಅಪಾಯ ಮೈಮೇಲೆ ಎಳೆದುಕೊಳ್ಳಲಿಲ್ಲ. ಹುಡುಗ ಡೇಟನ್ ವಿಶ್ವವಿದ್ಯಾಲಯಕ್ಕೆ ಹೋದ. ಇಲ್ಲಿಗೆ ಬಂದಾಗ ಮಗ ಕಣ್ಣು ತೆರೆದ. ಅವನಿಗೂ ತಲೆದಾ, ಅಂದ. ಹೂಂ, ಅವನಿಗೂ ತಲೆದೇ ಅಂದರು ತಾತ.

1953ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅವನನ್ನು ಡ್ರಾಫ್ಟಿನ 20ನೇ ಸುತ್ತಿನಲ್ಲಿ ತೆಗೆದುಕೊಂಡಿತು. ಡ್ರಾಫ್ಟ್ ಅಂದರೆ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಅಷ್ಟರಲ್ಲಿ 238 ಹುಡುಗರ ಹೆಸರು ಕೂಗಿ ಆಗಿತ್ತು. ಅಲ್ಲಿನ ಕೋಚ್ ಪಾಲ್ ಬ್ರೌನ್ ಮುಂದಿನ ಚಾಲ್ ಯಾವುದು ಅನ್ನುವುದನ್ನು ಮೈದಾನದ ಅಂಚಿನಿಂದ ತಾನೇ ಹೇಳಿ ಕಳಿಸುತ್ತಿದ್ದ. ಹೇಳಿ ಕಳಿಸಲು ಗಾರ್ಡ್ ಅನ್ನುವ ಜಾಗದಲ್ಲಿ ಆಡುವ ಇಬ್ಬರು. ಒಬ್ಬ ಓಡಿ ಹೋಗಿ ಮಾತು ಮುಟ್ಟಿಸಿ, ಅದೇ ಚಾಲಿನಲ್ಲಿ ಮೈ ಕೊಟ್ಟು ಆಡಿ, ಹೊರಗೆ ಓಡಿ ಬರಬೇಕು. ಅಷ್ಟರಲ್ಲಿ ಇನ್ನೊಬ್ಬ ಹೊರಟಿರುತ್ತಾನೆ. ಮೆಸೆಂಜರ್ ಗಾರ್ಡ್ ಅಂತ ಹೆಸರು. ನೋಲ್ ಮಾಡಿದ್ದು ಆ ಅಂಚೆಯವನ ಕೆಲಸ. ಆಮೇಲೆ ಎದುರಾಳಿಗಳನ್ನು ತಡೆಯುವ ಲೈನ್‌ಬ್ಯಾಕರ್ ಆಗಿಯೂ ಆಡಿದ. 1954, 1955ರಲ್ಲಿ ಆ ತಂಡ ಚಾಂಪಿಯನ್. ಏಳು ವರ್ಷ ಆಡಿ, 27ನೇ ವಯಸ್ಸಿಗೆ ತಾನೇ ನಿಲ್ಲಿಸಿದ.

ತಾತ ಇಲ್ಲಿ ಒಂದು ಮಾತು ಸೇರಿಸಿದರು. ಬರೀ ಮಾತು ಹೊತ್ತುಕೊಂಡು ಓಡಿದ್ದರೆ ಅವನು ಆಳು. ಓಡುತ್ತಾ ಓಡುತ್ತಾ, ಈ ಚಾಲ್ ಯಾಕೆ, ಅದು ಯಾಕಲ್ಲ ಅಂತ ಯೋಚಿಸಿದ್ದರಿಂದ ಕೋಚ್ ಆದ. ಇದು ತಾತನ ಲೆಕ್ಕ. ನನಗೂ ಹಿಡಿಸಿತು.

ಮುಂದಿನ ಒಂಬತ್ತು ವರ್ಷ ಬೇರೆಯವರ ಕೈಕೆಳಗೆ ಕಲಿಕೆ. ಮೊದಲು ಚಾರ್ಜರ್ಸ್ ತಂಡದಲ್ಲಿ ಸಿಡ್ ಗಿಲ್‌ಮನ್ ಜೊತೆ, ಆಮೇಲೆ ಬಾಲ್ಟಿಮೋರ್ ಕೋಲ್ಟ್ಸ್‌ನಲ್ಲಿ ಡಾನ್ ಶೂಲಾ ಜೊತೆ. 1969ರ ಜನವರಿ 12ರಂದು ಎಲ್ಲರೂ ಗೆಲ್ಲುತ್ತದೆ ಅಂದುಕೊಂಡಿದ್ದ ಕೋಲ್ಟ್ಸ್ ಸೂಪರ್ ಬೌಲಿನಲ್ಲಿ ಜೆಟ್ಸ್ ಎದುರು 16-7ರಿಂದ ಸೋತಿತು. 15 ದಿನ ಕಳೆದ ಮೇಲೆ ಆ ಸೋತ ತಂಡದ ಸಹಾಯಕನನ್ನು ಪಿಟ್ಸ್‌ಬರ್ಗ್ ಮುಖ್ಯ ಕೋಚ್ ಮಾಡಿಕೊಂಡಿತು. ವಯಸ್ಸು 37. 1933ರಿಂದ ಇದ್ದ ಸ್ಟೀಲರ್ಸ್ ಅಲ್ಲಿಯವರೆಗೆ ಒಂದು ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್) ಆಟವನ್ನೂ ಗೆದ್ದಿರಲಿಲ್ಲ.

ಇಲ್ಲಿಂದ ತಾತನ ದನಿಯೇ ಬದಲಾಯಿತು. 1969ರಲ್ಲಿ ಅವರಿಗೆ 15 ವರ್ಷ, ಈಗ ನನ್ನ ಮಗನಿಗೆ ಇರುವಷ್ಟೇ. ಪಿಟ್ ಸ್ಟೇಡಿಯಂಗೆ ಅಪ್ಪನ ಜೊತೆ ಹೋಗಿದ್ದರು. ಮೊದಲ ಆಟ ಡೆಟ್ರಾಯಿಟ್ ಮೇಲೆ, 16-13, ಗೆಲುವು. ಊರೆಲ್ಲ ಕುಣಿಯಿತು. ಆಮೇಲೆ 13 ಆಟ. 13 ಸೋಲು. ಆ ವರ್ಷ ಷಿಕಾಗೋ ಬೇರ್ಸ್ ಕೂಡ ಒಂದೇ ಆಟ ಗೆದ್ದಿತ್ತು. ಯಾರ ಮೇಲೆ ಗೆದ್ದಿತ್ತು ಹೇಳು ನೋಡೋಣ ಅಂದರು ತಾತ. ನಮ್ಮ ಮೇಲೆ! ಮಗ ನಕ್ಕ. ನಕ್ಕರೆ ತಲೆ ನೋಯುತ್ತೆ ನಗಿಸಬೇಡಿ ಅಂದ. ಎರಡು ದಿನದಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ಅಷ್ಟು ಸೋತಾಗ ಕೋಚ್ ಏನು ಮಾಡಿದ ಅಂತ ಮಗ ಕೇಳಿದ. ಏನೂ ಮಾಡಲಿಲ್ಲ ಅಂದರು ತಾತ. ಭಾಷಣ ಇಲ್ಲ, ಕೂಗಾಟ ಇಲ್ಲ. ಕಾಲು ಎಲ್ಲಿಡಬೇಕು, ಕೈ ಎಲ್ಲಿಡಬೇಕು ಅಂತ ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದ. ಆಗ ಹೊಸದಾಗಿ ಬಂದಿದ್ದ ಆಟಗಾರ ಜೋ ಗ್ರೀನ್ ಯಾರು ಅಂತ ಪೇಪರಿನವರಿಗೇ ಗೊತ್ತಿರಲಿಲ್ಲ. ಮರುವರ್ಷ ಡ್ರಾಫ್ಟಿನಲ್ಲಿ ಮೊದಲು ಆರಿಸುವ ಸರದಿಗಾಗಿ ಬೇರ್ಸ್ ಜೊತೆ ನಾಣ್ಯ ಚಿಮ್ಮಿ ಗೆದ್ದು ಟೆರಿ ಬ್ರಾಡ್‌ಷಾನನ್ನು ತಂದರು. 1970ರಲ್ಲಿ 5 ಗೆಲುವು, 1971ರಲ್ಲಿ 6, 1972ರಲ್ಲಿ 11.

1972ರ ಡಿಸೆಂಬರ್ 23ರ ಆಟ ನಿಮಗೂ ಗೊತ್ತಿರಬಹುದು. ಈ ಊರಿನ ವಿಮಾನ ನಿಲ್ದಾಣದಲ್ಲಿ ಸ್ಟೀಲರ್ಸ್ ಆಟಗಾರ ಫ್ರಾಂಕೊ ಹ್ಯಾರಿಸ್ ಬಗ್ಗಿ ಚೆಂಡು ಹಿಡಿಯುವ ಬೊಂಬೆ ಇದೆಯಲ್ಲ, ಅದೇ. ಕೊನೆಗೆ ಉಳಿದಿದ್ದು 22 ಸೆಕೆಂಡು. ಯಾರಿಗೋ ತಗುಲಿ ಹಿಂದಕ್ಕೆ ಹಾರಿದ ಚೆಂಡನ್ನು ನೆಲ ಮುಟ್ಟುವ ಮುಂಚೆ ಹಿಡಿದು ಓಡಿದ. 13-7, ಸ್ಟೀಲರ್ಸ್ ಗೆಲುವು. ತಾತ ಅದನ್ನು ನೋಡಲಿಲ್ಲ! ಆಗ ಊರಿನ ಆಟವನ್ನು ಆ ಊರಿನ ಟಿವಿಯಲ್ಲಿ ತೋರಿಸುತ್ತಿರಲಿಲ್ಲ. ಅಡುಗೆಮನೆಯ ರೇಡಿಯೋದಲ್ಲಿ ಕೇಳಿದರು. ತಂಡದ ಮಾಲೀಕ ಆರ್ಟ್ ರೂನಿಯೂ ನೋಡಲಿಲ್ಲ, ಸೋತೆವು ಅಂದುಕೊಂಡು ಲಿಫ್ಟಿನಲ್ಲಿ ಕೆಳಗೆ ಇಳಿಯುತ್ತಿದ್ದ. ಇದನ್ನು ಹೇಳುವಾಗ ತಾತನಿಗೆ ಸಿಕ್ಕಾಪಟ್ಟೆ ಸಮಾಧಾನ.

ಮೂರು ಗಂಟೆಯ ಸರದಿಯಲ್ಲಿ ಮಗ ತಿಂಗಳ ಹೆಸರು ತಪ್ಪು ಹೇಳಿದ. ನರ್ಸ್ ಡಾಕ್ಟರನ್ನು ಕರೆಯಲು ಹೋದಳು. ನಾನು ಹೊರಗೆ ಬಂದು ಕಾರಿಡಾರಿನ ನೆಲದ ಮೇಲೆ ಕೂತೆ. ಫೋನ್ ತೆಗೆದೆ. ತೆಗೆಯಬಾರದಿತ್ತು. ಮೈಕ್ ವೆಬ್‌ಸ್ಟರ್ ಬಗ್ಗೆ ಓದಿದೆ. 1974ರಲ್ಲಿ ನೋಲ್ ಆರಿಸಿ ತಂದ ಹುಡುಗ, ನಾಲ್ಕು ಸೂಪರ್ ಬೌಲ್ ಗೆದ್ದವನು. ಆಟ ಬಿಟ್ಟ ಮೇಲೆ ಮನೆ ಇಲ್ಲದೆ ಟ್ರಕ್ಕಿನಲ್ಲಿ ಮಲಗುತ್ತಿದ್ದ. 2002ರಲ್ಲಿ ತೀರಿಕೊಂಡಾಗ 50 ವರ್ಷ. ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಮಿದುಳಿಗೆ ಏನಾಗಿತ್ತು ಅನ್ನುವುದನ್ನು ಇದೇ ಊರಿನಲ್ಲಿ ಡಾಕ್ಟರ್ ಬೆನೆಟ್ ಒಮಾಲು ಕಂಡುಹಿಡಿದರು.

ನನ್ನ ಮಗ ಆಡಬಹುದು ಅಂತ ಫಾರ್ಮಿಗೆ ಸಹಿ ಹಾಕಿದ್ದು ನಾನು. ನಮ್ಮವರು ಬೇಡ ಅಂದಿದ್ದರು. ಎಲ್ಲ ಹುಡುಗರೂ ಆಡುತ್ತಾರೆ, ನಮ್ಮವನು ಒಬ್ಬನೇ ಯಾಕೆ ಹೊರಗಿರಬೇಕು ಅಂತ ಜಗಳ ಆಡಿ ಹಾಕಿದ್ದೆ. ಇದನ್ನು ನಾನು ನಿಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ.

ತಾತ ಬಂದು ಪಕ್ಕದಲ್ಲಿ, ನೆಲದ ಮೇಲೇ ಕೂತರು. ಆ ಮಂಡಿಗಳಿಗೆ ಅದು ಸುಲಭ ಅಲ್ಲ. ನಾನು ಫೋನ್ ತೋರಿಸಿದೆ. ನಿಮಗೆ ಇದು ಗೊತ್ತಿತ್ತಾ ಅಂತ ಕೇಳಿದೆ, ಸ್ವಲ್ಪ ಜೋರಾಗೇ. ಗೊತ್ತು ಅಂದರು. ಅವನಿಗೆ ಆ ಪೆಟ್ಟುಗಳು ಬೀಳುವಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ ಅಂದರು. ಆಮೇಲೆ ಸುಮಾರು ಹೊತ್ತು ಇಬ್ಬರೂ ಮಾತಾಡಲಿಲ್ಲ. ನಿನ್ನ ತಪ್ಪಲ್ಲ ಅಂತ ಅವರು ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಎದ್ದು ಹೋಗಲಿಲ್ಲ, ಅದೇ ಸಾಕಾಗಿತ್ತು.

ಡಾಕ್ಟರು ಬಂದು ನೋಡಿ ಹೆದರಬೇಡಿ ಅಂದ ಮೇಲೆ ಒಳಗೆ ಹೋದೆವು. ಅವನು ಎದ್ದೇ ಇದ್ದ. ಕಥೆ ಎಲ್ಲಿಗೆ ನಿಂತಿತು ಅಂದ.

ಕೊನೆಯ ಕಂತು ಇದು. 1990ರ ಆಸುಪಾಸಿನಲ್ಲಿ ಸ್ಟೀಲರ್ಸ್ ಕ್ವಾರ್ಟರ್‌ಬ್ಯಾಕಿಗೆ, ಅಂದರೆ ಚೆಂಡು ಎಸೆಯುವ ಮುಖ್ಯ ಆಟಗಾರನಿಗೆ, ತಲೆಗೆ ಪೆಟ್ಟಾಯಿತು. ತಂಡದ ನರಶಸ್ತ್ರ ವೈದ್ಯ ಜೋಸೆಫ್ ಮರೂನ್ ಇವನು ಆಡುವ ಹಾಗಿಲ್ಲ ಅಂದರು. ಯಾಕಿಲ್ಲ, ಆಧಾರ ತೋರಿಸಿ ಅಂದ ನೋಲ್. ಆಟಗಾರ ಬೇಗ ವಾಪಸ್ ಬರಲಿ ಅನ್ನುವ ಆಸೆಯೂ ಅದರಲ್ಲಿ ಇದ್ದಿರಬೇಕು. ಅವನು ದೇವರೇನಲ್ಲ ಅಲ್ವಾ. ಆದರೆ ಮರೂನ್ ಯೋಚಿಸಿದಾಗ ಅಳೆದು ತೋರಿಸುವಂಥ ಆಧಾರ ನಿಜವಾಗಿಯೂ ಇರಲಿಲ್ಲ. ಆಗ ಅವರು ಮನಶ್ಶಾಸ್ತ್ರಜ್ಞ ಮಾರ್ಕ್ ಲವೆಲ್ ಜೊತೆ ಸೇರಿ ಪೆಟ್ಟಿಗೆ ಮುಂಚೆ ಒಂದು, ಪೆಟ್ಟಾದ ಮೇಲೆ ಒಂದು ಪರೀಕ್ಷೆ ಮಾಡಿ ಹೋಲಿಸುವ ದಾರಿ ಹುಡುಕಿದರು. ಮೊದಲು ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಅದೇ ಇಂಪ್ಯಾಕ್ಟ್ ಪರೀಕ್ಷೆ.

ಸೀಸನ್ ಶುರುವಿನಲ್ಲಿ ನನ್ನ ಮಗನೂ ಅದನ್ನು ಬರೆದಿದ್ದ. ಪದಗಳನ್ನು ನೆನಪಿಡುವುದು, ಆಕಾರ ಗುರುತಿಸುವುದು, ಬೇಗ ಬಟನ್ ಒತ್ತುವುದು. ಪೆಟ್ಟಾದ ಮೇಲೆ ಎಷ್ಟೋ ಸಲ ಬರೆದ. ಅದೊಂದನ್ನೇ ನಂಬಿಕೊಂಡು ನಿರ್ಧಾರ ಮಾಡಬಾರದು ಅಂತ ಡಾಕ್ಟರುಗಳೇ ಹೇಳುತ್ತಾರೆ. ಆದರೂ ಮೊದಲಿನ ಅಂಕಗಳನ್ನೂ ಈಗಿನ ಅಂಕಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಾಗಲೇ ಮಗ ಒಪ್ಪಿಕೊಂಡದ್ದು. ನನ್ನ ಅಳು ಅವನನ್ನು ಒಪ್ಪಿಸಿರಲಿಲ್ಲ.

ಅವನು ಇನ್ನು ಆಡುವುದಿಲ್ಲ. ನೋಲ್ 23 ವರ್ಷ ಕೋಚ್ ಆಗಿದ್ದು 1991ರಲ್ಲಿ ನಿವೃತ್ತಿಯಾದ. ತನ್ನ ಆಟಗಾರರಿಗೆ ಆಟ ಮುಗಿದ ಮೇಲೆ ನಿಮ್ಮ ಜೀವನದ ಕೆಲಸಕ್ಕೆ ಹೊರಡಿ ಅನ್ನುತ್ತಿದ್ದನಂತೆ. ಕಾರ್ಖಾನೆ ಬಾಗಿಲು ಹಾಕಿದ ದಿನ ತಾತ ಆ ಮಾತಿಗೆ ಕೆಟ್ಟದಾಗಿ ಬೈದಿದ್ದರಂತೆ. ನಾಲ್ಕು ಸೂಪರ್ ಬೌಲ್ ಗೆದ್ದವನಿಗೆ ಏನು, ಹೇಳಿಬಿಡ್ತಾನೆ ಅಂತ. ಬಸ್ ಓಡಿಸಲು ಶುರು ಮಾಡಿ ಎರಡು ವರ್ಷಕ್ಕೆ ಬೈಯುವುದು ನಿಲ್ಲಿಸಿದೆ ಅಂದರು.

ನೋಲ್ ಹಾಗೆ ನೀನೂ ಕೋಚ್ ಆಗಬಹುದಲ್ಲೋ ಅಂತ ನಾನು ಮೊನ್ನೆ ಮೆಲ್ಲಗೆ ಕೇಳಿದೆ. ಅಮ್ಮಾ, ಸುಮ್ನೆ ಕನಸು ಕಾಣ್ಬೇಡ ಅಂದ. ಅವನಿಗೆ ಇನ್ನೂ ಸಿಟ್ಟಿದೆ. ಶುಕ್ರವಾರ ಸಂಜೆ ಶಾಲೆಯ ಮೈದಾನದ ಕಡೆಯಿಂದ ಬ್ಯಾಂಡ್ ಸದ್ದು ಬಂದರೆ ಎದ್ದು ಕಿಟಕಿ ಮುಚ್ಚುತ್ತಾನೆ. ಆಮೇಲೆ ಪಕ್ಕದ ಮನೆಗೆ ಹೋಗುತ್ತಾನೆ. ಇಬ್ಬರೂ ಏನು ಮಾತಾಡುತ್ತಾರೋ ನಾನು ಕೇಳಿಲ್ಲ.

ತಾತಾ, ಇದನ್ನು ನಿಮಗೆ ನಿಮ್ಮ ಭಾಷೆಯಲ್ಲಿ ಓದಿ ಹೇಳುವುದು ಮಗಳ ಕೆಲಸ. ಅವಳು ಅಲ್ಲಿ ಇಲ್ಲಿ ಸೇರಿಸಿ ಹೇಳುತ್ತಾಳೆ, ಎಲ್ಲವನ್ನೂ ನಂಬಬೇಡಿ.

ಈ ಭಾನುವಾರ ಮಧ್ಯಾಹ್ನ ನಮ್ಮನೆಯಲ್ಲಿ ಎಲ್ಲರಿಗೂ ಊಟ. ಬಿಸಿಬೇಳೆ ಬಾತ್ ಎರಡು ಪಾತ್ರೆ ಮಾಡುತ್ತೇನೆ, ತಾತನದು ಖಾರ ಕಮ್ಮಿ. ನಿಮ್ಮ ಡಬ್ಬಿಗಳನ್ನು ತೊಳೆದು ಹೊರಗೆ ಜೋಡಿಸಿ ಇಟ್ಟಿರುತ್ತೇನೆ, ನಿಮ್ಮದು ಯಾವುದು ಅಂತ ನೀವೇ ನೋಡಿಕೊಳ್ಳಿ. ಒಂದು ಗಂಟೆಗೆ ಆಟ ಶುರು. ಹಳದಿ ಟವೆಲ್ ಮಗನ ಕೋಣೆಯ ಕಿಟಕಿಯಲ್ಲೇ ಇದೆ, ಅದನ್ನು ಯಾರೂ ತೆಗೆಯಬೇಡಿ.