ತೂಕ ನೋಡೋದು ಅಡಿಕೆಗೆ ಸಾಕು

ಮಾನ್ಯರೇ,

ಹೋದ ತಿಂಗಳು ನನ್ನ ತಂಗಿ ಶಿವಮೊಗ್ಗದ ಒಂದು ಬಟ್ಟೆ ಅಂಗಡಿಗೆ ಕೆಲಸ ಕೇಳಲು ಹೋಗಿದ್ದಳು. ಬಿ.ಕಾಂ. ಆಗಿದೆ, ಲೆಕ್ಕ ಚುರುಕು, ಮೈ ಮಾತ್ರ ದಪ್ಪ. ಮಾಲೀಕರು ಅಂಕಪಟ್ಟಿ ಬಿಡಿಸಿಯೂ ನೋಡಲಿಲ್ಲ. ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ‘ಕೌಂಟರ್ ಸಂದಿಯಲ್ಲಿ ಓಡಾಡಬೇಕಮ್ಮಾ, ನಿಂಗೆ ಆಗಲ್ಲ’ ಎಂದು ಕಳಿಸಿದರಂತೆ. ಮನೆಗೆ ಬಂದವಳು ಏನೂ ಹೇಳಲಿಲ್ಲ. ರಾತ್ರಿ ‘ನಂಗೆ ಗಂಜಿ ಸಾಕು’ ಎಂದಾಗಲೇ ಅಮ್ಮನಿಗೆ ಅನುಮಾನ ಬಂದದ್ದು.

ಇದೇ ಹುಡುಗಿ ಅಡಿಕೆ ಸುಗ್ಗಿಯಲ್ಲಿ ಸಿಪ್ಪೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹನ್ನೊಂದಾದರೂ ಏಳುವುದಿಲ್ಲ. ಅಲ್ಲಿ ಸುಲಿದ ಅಡಿಕೆ ಅಳೆಯುತ್ತಾರೆ, ಸುಲಿದವರನ್ನಲ್ಲ.

ಇದಕ್ಕೊಂದು ಕಾನೂನು ಇರಬೇಕಲ್ವಾ ಅಂತ ಹುಡುಕಿದೆ. ತಾರತಮ್ಯ ಮಾಡಬಾರದು ಎನ್ನುವ ಸಂವಿಧಾನದ 15ನೇ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವೆ, ಮೈತೂಕ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದ್ದಾರೆ, ಕುಬ್ಜತೆ ಕೂಡ ಅದರಲ್ಲಿದೆ, ದಪ್ಪಗಿರುವುದು ಇಲ್ಲ. ಅದು ಸರಿಯೇ. ದಪ್ಪಗಿರುವವರು ನಮ್ಮನ್ನು ಅಂಗವಿಕಲರೆನ್ನಿ ಎಂದು ಕೇಳುತ್ತಿಲ್ಲ, ಕೆಲಸ ಮಾಡಿಸಿ ನೋಡಿ ಆಮೇಲೆ ಹೇಳಿ ಅನ್ನುತ್ತಿದ್ದಾರೆ ಅಷ್ಟೆ.

ಅಮೆರಿಕದ ಮಿಷಿಗನ್ ರಾಜ್ಯ 1976ರಲ್ಲೇ ಎತ್ತರ, ತೂಕ ಎರಡನ್ನೂ ತಾರತಮ್ಯ ತಡೆಯುವ ಕಾನೂನಿಗೆ ಸೇರಿಸಿದೆ. ನ್ಯೂಯಾರ್ಕ್ ನಗರದಲ್ಲಿ 2023ರಿಂದ ಕೆಲಸಕ್ಕೆ ಮಾತ್ರವಲ್ಲ, ಬಾಡಿಗೆ ಮನೆಗೂ ಈ ರಕ್ಷಣೆ ಇದೆ. ಹಾಗಂತ ಕಣ್ಣು ಮುಚ್ಚಿಕೊಂಡು ಮಾಡಿದ ಕಾನೂನಲ್ಲ ಅದು. ಎತ್ತರ ಅಥವಾ ತೂಕದಿಂದ ಆ ಕೆಲಸದ ಮುಖ್ಯ ಭಾಗವನ್ನೇ ಮಾಡಲು ಆಗದಿದ್ದರೆ ಅದಕ್ಕೆ ವಿನಾಯಿತಿ ಇಟ್ಟಿದ್ದಾರೆ. ನಮ್ಮ ಮಾಲೀಕರಿಗೂ ಅಷ್ಟು ಸಾಕು. ಸೀರೆ ಮಡಿಚಿಡಲು ಸೊಂಟದ ಅಳತೆ ಯಾಕೆ ಬೇಕು ಅಂತ ಅವರು ಒಂದು ಸಲ ವಿವರಿಸಲಿ.

‘ಆರೋಗ್ಯಕ್ಕೆ ಒಳ್ಳೇದಲ್ಲ, ಅದಕ್ಕೇ ಹೇಳಿದ್ದು’ ಎನ್ನುವವರು ಇದ್ದೇ ಇರುತ್ತಾರೆ. ಅವರು ಸಕ್ಕರೆ ಕಾಯಿಲೆ ಇರುವ ತೆಳ್ಳಗಿನವರನ್ನು ಯಾವತ್ತೂ ಕೇಳಿದ್ದು ನಾನು ನೋಡಿಲ್ಲ. ಸುಮ್ನೆ ನೆಪ.

ಖಾಸಗಿ ಅಂಗಡಿ, ಆಫೀಸುಗಳಿಗೂ ತಾಗುವ ಹಾಗೆ ಒಂದು ಸಣ್ಣ ಕಾಯ್ದೆ ಮಾಡಿ ಎಂದು ಜಿಲ್ಲೆಯ ಶಾಸಕರು ಸದನದಲ್ಲಿ ಕೇಳಬಹುದು. ದುಡ್ಡಿನ ಖರ್ಚೂ ಜಾಸ್ತಿ ಇಲ್ಲ.

ತಂಗಿ ಈಗ ಇನ್ನೊಂದು ಕಡೆ ಅರ್ಜಿ ಹಾಕುತ್ತಿದ್ದಾಳೆ. ಲೆಕ್ಕ ಬರೆಯುವ ಕೆಲಸ. ಆ ಫಾರಂನಲ್ಲೂ ತೂಕಕ್ಕೆ ಒಂದು ಖಾನೆ ಇದೆ. ಖಾಲಿ ಬಿಡು ಎಂದಿದ್ದೇನೆ.

— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು