ಹಳೆಯ ನಾಣ್ಯ ಕೊಳ್ಳುವವರ ಮೇಲೆ ಕಣ್ಣಿಡಲಿ

ಮಾನ್ಯರೇ,

ಗೋಣಿಕೊಪ್ಪಲು ಸಂತೆಯಲ್ಲಿ ಹಳೆಯ ದಪ್ಪ ಐದು ರೂಪಾಯಿ ನಾಣ್ಯಕ್ಕೆ ಹೆಚ್ಚು ಹಣ ಕೊಡುತ್ತೇವೆಂದು ಕೇಳಿಕೊಂಡು ಬರುವವರಿದ್ದಾರೆ. ಕೈಯಲ್ಲೊಂದು ಆಯಸ್ಕಾಂತ: ಅಂಟಿದರೆ ಉಕ್ಕು, ವಾಪಸು, ಅಂಟದಿದ್ದರೆ ಚೀಲಕ್ಕೆ. 9 ಗ್ರಾಂ ತೂಗುವ ಆ ನಾಣ್ಯದಲ್ಲಿ ಮುಕ್ಕಾಲು ಪಾಲು ತಾಮ್ರ, ಉಳಿದದ್ದು ನಿಕ್ಕಲ್. ತಾಮ್ರದ ದರ ಏರಿದ ಮೇಲೆ ಇದು ಕರಗಿಸುವವರಿಗೆ ಲಾಭದ ಸರಕು.

ಹವ್ಯಾಸಕ್ಕೆ ನಾಲ್ಕು ನಾಣ್ಯ ಕೂಡಿಡುವುದು ಬೇರೆ ಮಾತು. ಆದರೆ 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯ ಕರಗಿಸುವುದಷ್ಟೇ ಅಲ್ಲ, ಕರಗಿಸಲೆಂದೋ ಮುಖಬೆಲೆಗಿಂತ ಬೇರೆ ಬೆಲೆಗೆ ಮಾರಲೆಂದೋ ಅಗತ್ಯ ಮೀರಿ ಕೂಡಿಟ್ಟುಕೊಳ್ಳುವುದೂ ಅಪರಾಧ. ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ತೋಟದ ಕೂಲಿಯಲ್ಲಿ ಉಳಿಸಿ ಡಬ್ಬಿ ತುಂಬಿಸಿದ ಅಜ್ಜಿಯರಿಗೆ ಇದನ್ನು ಯಾರು ಹೇಳಿದ್ದಾರೆ? ನನಗೆ ಹೆಚ್ಚು ಸಂಕಟವಾಗುವುದು ಅಲ್ಲಿಯೇ. ಇತ್ತ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಚಿಲ್ಲರೆಗಾಗಿ ದಿನವೂ ಜಗಳ.

ಪೊಲೀಸರು ಸಂತೆಯ ದಿನ ಕೊಳ್ಳುವವರನ್ನು ವಿಚಾರಿಸಲಿ, ಪಂಚಾಯಿತಿಯವರು ಧ್ವನಿವರ್ಧಕದಲ್ಲಿ ಕಾನೂನು ತಿಳಿಸಲಿ. ಡಬ್ಬಿಯ ನಾಣ್ಯ ತಂದವರನ್ನು ಬ್ಯಾಂಕಿನವರು ಎಣಿಸಲು ಬೇಸರಪಟ್ಟು ಹಿಂದಕ್ಕೆ ಕಳುಹಿಸಬಾರದು.

– ಓದುಗ, ದಕ್ಷಿಣ ಕೊಡಗು