ಕಡಿದ ಕೈಯ ಸಾಕ್ಷ್ಯ

ಮಾನ್ಯ ಸಂಪಾದಕರಿಗೆ,

ಗುಲಾಮಗಿರಿ, ವಸಾಹತು ಆಳ್ವಿಕೆ, ಜಾತಿಯ ಕ್ರೌರ್ಯದಂತಹ ನಿಜವಾದ ದಬ್ಬಾಳಿಕೆಯ ಚರಿತ್ರೆಯೊಳಗೆ ಪ್ರೇತ, ಮಾಟ, ಕಾಲಪ್ರಯಾಣಗಳನ್ನು ಬೆರೆಸಿ ಬರೆಯುವ ಕಾದಂಬರಿಗಳ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಹೀಗೆ ಬೆರೆಸುವುದರಿಂದ ನಡೆದ ಸಂಗತಿಯ ತೂಕ ಇಳಿಯುತ್ತದೆ, ಸತ್ತವರ ಸಂಕಟ ರಂಜನೆಯ ಸರಕಾಗುತ್ತದೆ ಎಂಬುದು ಲೇಖಕರ ಆಕ್ಷೇಪ. ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ದಾಖಲೆಯಿದ್ದರೆ ಮಾತಾಡಿ, ಇಲ್ಲದಿದ್ದರೆ ಸುಮ್ಮನಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ದಾಖಲೆ ಬರೆಸಿದವರು ಯಾರು, ಅದರಲ್ಲಿ ಯಾರ ಬಾಯಿಗೆ ಜಾಗವಿರಲಿಲ್ಲ ಎಂದು ಕೇಳಿಕೊಳ್ಳಲು ಕಾರ್ಕಳದವನಾದ ನಾನು ದೂರ ಹೋಗಬೇಕಾಗಿರಲಿಲ್ಲ, ಆದರೂ ಕೇಳಿಕೊಂಡದ್ದು ತಡವಾಗಿಯೇ.

ನಮ್ಮೂರ ಬಂಡೆಯ ಮೇಲಿನ ಗೊಮ್ಮಟ ನಿಂತದ್ದು 1432ರಲ್ಲಿ. ನಿಲ್ಲಿಸಿದ ವೀರಪಾಂಡ್ಯ ಭೈರರಸನ ಹೆಸರು ಶಾಸನದಲ್ಲಿದೆ. ಉಳಿ ಹಿಡಿದವನ ಕಥೆ ಇರುವುದು ತುಳುವಿನ ಜನಪದ ಕಥನಗೀತೆಯಾದ ಪಾಡ್ದನದಲ್ಲಿ. ಇಂಥ ಕೆಲಸವನ್ನು ಇವನು ಇನ್ನೊಬ್ಬ ಅರಸನ ನೆಲದಲ್ಲಿ ಮಾಡಕೂಡದು ಎಂದು ಕಾರ್ಕಳದ ಅರಸ ಶಿಲ್ಪಿ ಕಲ್ಕುಡನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲಿಯೇ ವೇಣೂರಿಗೆ ಹೋಗಿ ಅಲ್ಲಿಯ ಗೊಮ್ಮಟನನ್ನು ಕೆತ್ತಿದ. ಕೊನೆಗೆ ಅವನೂ ತಂಗಿ ಕಲ್ಲುರ್ಟಿಯೂ ಮಾಯವಾಗಿ ದೈವಗಳಾದರು, ಅರಸನನ್ನು ನೆಮ್ಮದಿಯಿಂದ ಇರಗೊಡಲಿಲ್ಲ. ವೇಣೂರಿನ ಮೂರ್ತಿ 1604ರದು. ನೂರ ಎಪ್ಪತ್ತೆರಡು ವರ್ಷಗಳ ಅಂತರದ ಎರಡು ಮೂರ್ತಿಗಳನ್ನು ಒಬ್ಬನೇ ಕೆತ್ತಿರಲಾರ ಎಂದು ತರಗತಿಯಲ್ಲಿ ಲೆಕ್ಕ ಹಾಕಿ ತೋರಿಸಿ, ಪಾಡ್ದನವನ್ನು ಅಲ್ಲಿಗೆ ಮುಗಿಸಿಬಿಡುತ್ತಿದ್ದೆ. ಲೆಕ್ಕ ಸರಿಯೇ ಇತ್ತು. ಆದರೆ ತಲೆಮಾರುಗಳ ಕಲ್ಲುಕುಟಿಗರ ಪಾಡನ್ನೆಲ್ಲ ಒಂದೇ ದೇಹದಲ್ಲಿ ಕಟ್ಟಿಟ್ಟ ಆ ಹಾಡು ಕಾಲಗಣನೆಯಲ್ಲಿ ತಪ್ಪಿದ್ದರೂ ಕೂಲಿಯ ಲೆಕ್ಕದಲ್ಲಿ ತಪ್ಪಿಲ್ಲವೆಂಬುದು ನನಗೆ ಹೊಳೆದದ್ದು, ನಿವೃತ್ತಿಯ ನಂತರ ಅಮೆರಿಕದ ಗುಲಾಮಗಿರಿಯ ಕುರಿತ ಕೆಲವು ಕಾದಂಬರಿಗಳನ್ನು ಓದಲು ಕುಳಿತಾಗ.

ಅವುಗಳಲ್ಲಿ ಒಂದರ ಹಿಂದಿರುವುದು ಮಾರ್ಗರೆಟ್ ಗಾರ್ನರ್ ಎಂಬ ಹೆಣ್ಣುಮಗಳ ನಿಜ ಪ್ರಕರಣ. 1856ರ ಜನವರಿಯಲ್ಲಿ ಆಕೆ ಕೆಂಟಕಿಯಿಂದ ಗಂಡ, ಮಕ್ಕಳೊಂದಿಗೆ ತಪ್ಪಿಸಿಕೊಂಡು, ಹೆಪ್ಪುಗಟ್ಟಿದ ಒಹಾಯೊ ನದಿಯನ್ನು ನಡೆದು ದಾಟಿ ಸಿನ್ಸಿನಾಟಿ ಸೇರಿದಳು. ಹಿಡಿಯಲು ಬಂದವರು ಮನೆ ಸುತ್ತುವರಿದಾಗ, ಮರಳಿ ಗುಲಾಮಗಿರಿಗೆ ಒಪ್ಪಿಸುವುದಕ್ಕಿಂತ ಸಾವೇ ಮೇಲೆಂದು ಎರಡು ವರ್ಷದ ಮಗಳನ್ನು ತನ್ನ ಕೈಯಿಂದಲೇ ಕೊಂದಳು. ಅನಂತರ ನಡೆದ ವಾದವನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದವರು ಆಕೆಯ ಮೇಲೆ ಕೊಲೆ ಮೊಕದ್ದಮೆ ನಡೆಯಲಿ ಎಂದು ಒತ್ತಾಯಿಸಿದರು, ಏಕೆಂದರೆ ಕೊಲೆಯ ಆರೋಪ ಹೊರಿಸಬೇಕಾದರೆ ಮೊದಲು ಆಕೆ ಮನುಷ್ಯಳೆಂದು ಒಪ್ಪಬೇಕಾಗುತ್ತಿತ್ತು. 1850ರ ಪಲಾಯಿತ ಗುಲಾಮರ ಕಾಯ್ದೆಯ ಪ್ರಕಾರವಾದರೋ ಆಕೆ ಯಜಮಾನನ ಸೊತ್ತು; ಆ ವಾದವೇ ಗೆದ್ದು ಆಕೆಯನ್ನು ಹಿಂದಕ್ಕೆ ಕಳಿಸಲಾಯಿತು. 1858ರಲ್ಲಿ ಗುಲಾಮಳಾಗಿಯೇ ಸತ್ತಳು. ಈ ಹಳೆಯ ಸುದ್ದಿ ಟೋನಿ ಮಾರಿಸನ್ ಅವರಿಗೆ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿಯಾಗಿದ್ದಾಗ ಸಿಕ್ಕಿತು, 1987ರಲ್ಲಿ ‘ಬಿಲವ್ಡ್’ ಕಾದಂಬರಿಯಾಯಿತು. ಅಲ್ಲಿ ಸತ್ತ ಮಗು ಬೆಳೆದ ಹೆಣ್ಣಾಗಿ ಮನೆಗೆ ಮರಳಿ ಬರುತ್ತದೆ, ತಾಯಿಯ ಅನ್ನ, ನಿದ್ದೆ, ಮೈಯ ಕಸುವನ್ನೆಲ್ಲ ತಿನ್ನುತ್ತ ಹೋಗುತ್ತದೆ. ಈ ಪ್ರೇತ ರಂಜನೆಗೆಂದು ಬಂದದ್ದೇ? ನ್ಯಾಯಾಲಯದ ಕಡತದಲ್ಲಿ ಸೊತ್ತಿನ ನಷ್ಟವಾಗಿ ಮಾತ್ರ ಉಳಿಯಬಹುದಾಗಿದ್ದ ಮಗುವಿಗೆ ಮೈ, ಹಸಿವು, ಸಿಟ್ಟು ಕೊಡಲು ಕಾದಂಬರಿಗಾರ್ತಿಗೆ ಬೇರೆ ಯಾವ ದಾರಿಯಿತ್ತು ಎಂದು ಲೇಖಕರು ತಿಳಿಸಿದ್ದರೆ ಚೆನ್ನಾಗಿತ್ತು.

ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ಇನ್ನೊಂದು ರೀತಿಯದು, ನನ್ನನ್ನು ಹೆಚ್ಚು ಕಾಡಿದ್ದೂ ಅದೇ. 1976ರ ಕ್ಯಾಲಿಫೋರ್ನಿಯಾದಲ್ಲಿ ಹೊಸ ಮನೆಗೆ ಬಂದು ಪುಸ್ತಕ ಜೋಡಿಸುತ್ತಿರುವ ಡೇನಾ ಎಂಬ ಕಪ್ಪು ಯುವತಿ ತಲೆ ಸುತ್ತಿದಂತಾಗಿ, ಹತ್ತೊಂಬತ್ತನೇ ಶತಮಾನದ ಮೇರಿಲ್ಯಾಂಡಿನ ತೋಟವೊಂದಕ್ಕೆ ಎಳೆಯಲ್ಪಡುತ್ತಾಳೆ. ಅಲ್ಲಿ ನೀರಿನಲ್ಲಿ ಮುಳುಗುತ್ತಿರುವ ಬಿಳಿಯ ಹುಡುಗನನ್ನು ಬದುಕಿಸುತ್ತಾಳೆ. ಆ ಹುಡುಗ ಮುಂದೆ ಅದೇ ತೋಟದ ಒಡೆಯನಾಗುವವನು. ಅಷ್ಟೇ ಅಲ್ಲ, ಡೇನಾಳ ವಂಶದ ಹಿರಿಯ. ಅವನು ಒಬ್ಬ ಗುಲಾಮ ಹೆಣ್ಣಿನ ಮೇಲೆ ಬಲಾತ್ಕಾರ ಮಾಡಿ ಮಗು ಹುಟ್ಟಿಸುವವರೆಗೆ ಅವನನ್ನು ಬದುಕಿಸಿಕೊಳ್ಳದಿದ್ದರೆ ಡೇನಾ ಹುಟ್ಟುವುದೇ ಇಲ್ಲ. ಅವಳು ಹೇಗೆ ಹಿಂದಕ್ಕೆ ಹೋಗುತ್ತಾಳೆ ಎಂಬುದಕ್ಕೆ ಪುಸ್ತಕದಲ್ಲಿ ಯಂತ್ರವಿಲ್ಲ, ಮಂತ್ರವಿಲ್ಲ, ವಿವರಣೆಯೂ ಇಲ್ಲ, ಬೇಕಾಗಿಯೂ ಇಲ್ಲ. ಚಾಟಿ, ಹೊಲ, ಅಡುಗೆಮನೆ, ಓದು ಕಲಿತದ್ದಕ್ಕೆ ಬೀಳುವ ಏಟು ಎಲ್ಲವೂ ಆ ಕಾಲದವೇ. ಕೊನೆಯ ಸಲ ಮರಳುವಾಗ ಅವಳ ಎಡಗೈ ಮನೆಯ ಗೋಡೆಯಲ್ಲಿ ಸಿಕ್ಕಿಕೊಂಡು ಅಲ್ಲಿಯೇ ಉಳಿಯುತ್ತದೆ. ಆ ಪುಟ ಓದಿ ಪುಸ್ತಕ ಮಡಚಿಟ್ಟಾಗ ನನಗೆ ನೆನಪಾದದ್ದು ನಮ್ಮ ಕಲ್ಕುಡ. ಒಂದು ಇನ್ನೊಂದರ ಪ್ರಭಾವ ಎಂದು ಯಾರೂ ಹೇಳಲಾರರು. ಕ್ಯಾಲಿಫೋರ್ನಿಯಾದ ಲೇಖಕಿಗೆ ತುಳುನಾಡಿನ ಪಾಡ್ದನ ತಿಳಿದಿರುವ ಸಂಭವ ತೀರ ಕಡಿಮೆ. ಆದರೂ ಹೋದವರು ಇಡಿಯಾಗಿ ಮರಳಲಾಗದು ಎಂಬ ಅರಿವು ಇಬ್ಬರಲ್ಲಿಯೂ ಒಂದೇ ಅಂಗದ ಮೇಲೆ ಬಂದು ಕುಳಿತಿದೆ.

ಮೂರನೆಯ ಕೈ ಹೈಟಿಯದು, ಅದರ ಯಜಮಾನ ಕಲ್ಪಿತ ವ್ಯಕ್ತಿಯಲ್ಲ. ಆಗ ಫ್ರೆಂಚರ ಸೇಂಟ್ ಡೊಮಿಂಗ್ ಆಗಿದ್ದ ಆ ನೆಲದಲ್ಲಿ ಮಕಂಡಾಲ್ ಎಂಬ ಗುಲಾಮ, ಸಕ್ಕರೆಯ ಗಾಣದಲ್ಲಿ ಕೈ ಕಳೆದುಕೊಂಡವನು, ಕಾಡಿಗೆ ಓಡಿಹೋಗಿ ಗಿಡಮೂಲಿಕೆಯ ವಿಷದಿಂದ ತೋಟದ ಒಡೆಯರನ್ನು ನಡುಗಿಸಿದ. 1758ರ ಜನವರಿಯಲ್ಲಿ ಅವನನ್ನು ಹಿಡಿದು ಜನರೆದುರಿಗೇ ಸುಟ್ಟರು. ಉರಿಯ ನಡುವೆ ಕಟ್ಟು ಸಡಿಲಗೊಂಡು ಅವನು ಹೊರಕ್ಕೆ ಬಿದ್ದ. ನೆರೆದಿದ್ದ ಗುಲಾಮರು ಮಕಂಡಾಲ್ ಪಾರಾದ ಎಂದು ಕೂಗಿದರು. ಅವನನ್ನು ಮತ್ತೆ ಹಿಡಿದು ಬೆಂಕಿಗೆ ಹಾಕಿದರು ಎನ್ನುತ್ತವೆ ಒಡೆಯರ ಬರಹಗಳು. ಅವನು ನೊಣವಾಗಿ ಹಾರಿಹೋದ ಎಂದು ಗುಲಾಮರು ನಂಬಿದರು. ಕ್ಯೂಬಾದ ಅಲೆಹೊ ಕಾರ್ಪೆಂತಿಯೆರ್ 1943ರಲ್ಲಿ ಹೈಟಿಗೆ ಹೋಗಿಬಂದು 1949ರಲ್ಲಿ ಬರೆದ ಕಾದಂಬರಿ ಈ ಎರಡು ನೋಟಗಳನ್ನೂ ಅಕ್ಕಪಕ್ಕದಲ್ಲಿ ಇಡುತ್ತದೆ. ಇತಿಹಾಸದ ವಿದ್ಯಾರ್ಥಿಯಾಗಿ ನಾನು ಮೊದಲನೆಯದನ್ನು ಒಪ್ಪಬೇಕು, ಒಪ್ಪುತ್ತೇನೆ. ಆದರೆ 1791ರ ಆಗಸ್ಟಿನಲ್ಲಿ ಅದೇ ಉತ್ತರ ಬಯಲಿನ ತೋಟಗಳಿಗೆ ಬೆಂಕಿಯಿಟ್ಟು ಎದ್ದ ಜನರ ಎದೆಯಲ್ಲಿ ಏನಿತ್ತೆಂದು ತಿಳಿಯಬೇಕಾದರೆ ಆ ನೊಣವನ್ನು ಬಿಟ್ಟು ಬರೆಯಲಾಗದು. ಸುಮಾರು ಐದು ಲಕ್ಷ ಗುಲಾಮರಿದ್ದ ಆ ವಸಾಹತು 1804ರ ಜನವರಿ 1ರಂದು ಸ್ವತಂತ್ರ ದೇಶವಾಯಿತು. ಕಾದಂಬರಿ ಅಲ್ಲಿಗೆ ನಿಲ್ಲದಿರುವುದೇ ಅದರ ಹೆಚ್ಚುಗಾರಿಕೆ. ದಂಗೆಯ ನಾಯಕರಲ್ಲೊಬ್ಬನಾದ ಆನ್ರಿ ಕ್ರಿಸ್ಟಾಫ್ 1811ರಲ್ಲಿ ತಾನೇ ರಾಜನಾಗಿ ಕಿರೀಟ ಧರಿಸಿ, ಬಿಡುಗಡೆಯಾದ ಜನರಿಂದಲೇ ಬೆಟ್ಟದ ಮೇಲಿನ ಕೋಟೆಗೆ ಕಲ್ಲು ಹೊರಿಸಿದ. ಹಳೆಯ ಗುಲಾಮನೊಬ್ಬ ಮುದಿತನದಲ್ಲಿ ತನ್ನದೇ ಬಣ್ಣದ ಕಾವಲುಗಾರನ ಏಟು ತಿನ್ನುತ್ತ ಇಟ್ಟಿಗೆ ಹೊತ್ತು ಬೆಟ್ಟ ಹತ್ತುವ ಭಾಗ, ಆ ಪುಸ್ತಕದ ಎಲ್ಲ ಮಾಟಗಳಿಗಿಂತ ಕತ್ತಲೆಯದು.

ಇಂಥ ಬರವಣಿಗೆಗೆ ನಾವು ಮಾಂತ್ರಿಕ ವಾಸ್ತವ ಎಂಬ ಚೀಟಿ ಅಂಟಿಸಿ ಹೊರಗಿನ ಸರಕೆಂದು ಬಗೆಯುವುದುಂಟು. (ಹಾಗೆ ಅಂಟಿಸಿದವರ ಸಾಲಿನಲ್ಲಿ ನಾನೂ ಇದ್ದೇನೆ.) ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ ರಾತ್ರಿಯ ಹೊತ್ತು ಮನೆಮನೆಯ ದೀಪಗಳ ಜೀವಗಳಾದ ಜೋತಮ್ಮಗಳು ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುವುದನ್ನು, ಕೊಲೆಯಾಗಿ ಸದ್ದಿಲ್ಲದೆ ಮರೆಯಾದ ದಲಿತ ಯುವಕ ಚೆನ್ನನ ಕಥೆ ಅಂಥ ಬಾಯಿಗಳ ನಡುವೆಯೇ ಉಳಿಯುವುದನ್ನು ಓದಿದವರಿಗೆ ಈ ದಾರಿ ಹೊಸದಲ್ಲ. ಮಲೆ ಮಾದೇಶ್ವರನ ಕಾವ್ಯ ಹಾಡುವ ದೇವರಗುಡ್ಡರಂತೂ, ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಂಡ ಶ್ರವಣ ದೊರೆಯನ್ನು ಮಾದಪ್ಪ ಮುಗಿಸಿದ್ದನ್ನು ಯಾವ ಚೀಟಿಯ ಹಂಗೂ ಇಲ್ಲದೆ ಹಾಡುತ್ತಲೇ ಬಂದಿದ್ದಾರೆ.

ಲೇಖಕರ ಆಕ್ಷೇಪದಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ಕೋಲ್ಸನ್ ವೈಟ್‌ಹೆಡ್ ಅವರ ‘ದಿ ಅಂಡರ್‌ಗ್ರೌಂಡ್ ರೈಲ್‌ರೋಡ್’ (2016) ಎಷ್ಟೇ ಪ್ರಶಸ್ತಿ ಪಡೆದಿದ್ದರೂ ನನಗೆ ಪಾಠಗಾರನಾಗಿ ಅದರ ಬಗ್ಗೆ ತಕರಾರಿದೆ. ಗುಲಾಮರನ್ನು ಗುಟ್ಟಾಗಿ ಪಾರು ಮಾಡುತ್ತಿದ್ದ ಜನರ ಜಾಲಕ್ಕೆ ಇದ್ದ ಹೆಸರನ್ನು ನಿಜವಾದ ಸುರಂಗದ ರೈಲಾಗಿಸಿದ್ದು ಸೊಗಸೇ. ಅಲ್ಲಿ ಓದುಗ ಮೋಸಹೋಗುವುದಿಲ್ಲ, ಅಂಥ ರೈಲು ಇರಲಿಲ್ಲವೆಂದು ಅವನಿಗೆ ಗೊತ್ತು. ಆದರೆ ಅಲಬಾಮಾದಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರು ಸುಮಾರು 600 ಕಪ್ಪು ಗಂಡಸರನ್ನು ಸಿಫಿಲಿಸ್ ಅಧ್ಯಯನಕ್ಕೆ ಬಳಸಿಕೊಂಡು, ರೋಗವಿದ್ದವರಿಗೆ ಮದ್ದು ಸಿಗದಂತೆ ನೋಡಿಕೊಂಡ ಪ್ರಕರಣದ ನೆರಳು ಕಾದಂಬರಿಯಲ್ಲಿ ಅಂತರ್ಯುದ್ಧಕ್ಕೂ ಹಿಂದಿನ ಸೌತ್ ಕ್ಯಾರೊಲೈನಾದ ಮೇಲೆ ಬೀಳುತ್ತದೆ. ತಿಳಿದವರಿಗೆ ಅದು ಎರಡು ಕಾಲಗಳನ್ನು ಒಂದೇ ಗಾಯವಾಗಿ ಕಾಣಿಸುವ ಕ್ರಮ. ತಿಳಿಯದವರಿಗೋ, ತಮ್ಮ ತಂದೆಯ ಕಾಲದಲ್ಲಿ ನಡೆದದ್ದು ಮುತ್ತಜ್ಜನ ಕಾಲಕ್ಕೆ ಸರಿದು ಹಳೆಯ ಕಥೆಯಾಗಿಬಿಡುತ್ತದೆ. ಇದು ಸಣ್ಣ ನಷ್ಟವಲ್ಲ. ಇನ್ನು ದಬ್ಬಾಳಿಕೆಯನ್ನು ಬರಿಯ ರಂಗಸಜ್ಜಿಕೆ ಮಾಡಿಕೊಂಡು, ನಾಯಕನಿಗೆ ದಿವ್ಯಶಕ್ತಿ ಬಂದೊಡನೆ ಸರಪಳಿಗಳೆಲ್ಲ ಉದುರಿಹೋಗುವಂತೆ ಬರೆಯುವ ಸರಣಿಗಳ ಮಾತೇ ಬೇರೆ. ಅವುಗಳಲ್ಲಿ ಯಾರ ಕೈಯೂ ಹೋಗುವುದಿಲ್ಲ. ಲೇಖಕರ ಸಿಟ್ಟೆಲ್ಲ ಅವುಗಳ ಮೇಲಿದ್ದಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಎರಡನ್ನೂ ಒಂದೇ ಮೊರದಲ್ಲಿ ಹಾಕಿ ಕೇರಿದ್ದರಿಂದ ಕಾಳೂ ಹೊರಗೆ ಬಿದ್ದಿದೆ.

ಈ ಗೊಂದಲ ಲೇಖನಕ್ಕೆ ಸೀಮಿತವಾದದ್ದೂ ಅಲ್ಲ. ನಾನು ‘ಕಿಂಡ್ರೆಡ್’ ಕೊಂಡದ್ದು ನಗರದ ಒಂದು ಪುಸ್ತಕದಂಗಡಿಯಲ್ಲಿ, ಮಕ್ಕಳ ಮಾಯಾಕಥೆಗಳ ಕಪಾಟಿನಿಂದ. ಬಲಾತ್ಕಾರ ಮತ್ತು ಚಾಟಿಯೇಟಿನ ಆ ಪುಸ್ತಕದ ಒಂದು ಪಕ್ಕದಲ್ಲಿ ಡ್ರ್ಯಾಗನ್, ಇನ್ನೊಂದು ಪಕ್ಕದಲ್ಲಿ ಮಾತಾಡುವ ಬೆಕ್ಕು. ಅಂಗಡಿಯ ಹುಡುಗನನ್ನು ಕೇಳಿದರೆ, ಸರ್, ಇದೂ ಫ್ಯಾಂಟಸಿಯೇ ಅಲ್ಲವೇ ಎಂದ. ಅವನದು ತಪ್ಪೆಂದು ನನಗೆ ಅನಿಸಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇಂಥ ಕಾದಂಬರಿಗಳ ವಿಮರ್ಶೆಯನ್ನೋ ಅನುವಾದದ ಪರಿಚಯವನ್ನೋ ಪ್ರಕಟಿಸುವಾಗ, ಕಥೆಯ ಹಿಂದಿರುವ ನಿಜ ಸಂಗತಿ ಯಾವುದು, ಅದು ಎಲ್ಲಿ, ಯಾವ ಇಸವಿಯಲ್ಲಿ ನಡೆಯಿತು, ಕಾದಂಬರಿಕಾರರು ಅದರಲ್ಲಿ ಯಾವುದನ್ನು ಬದಲಿಸಿದ್ದಾರೆ ಎಂಬುದನ್ನು ಪಕ್ಕದಲ್ಲಿ ಹತ್ತು ಸಾಲಿನ ಚೌಕಟ್ಟಿನಲ್ಲಿ ಕೊಡುವ ವ್ಯವಸ್ಥೆ ಮಾಡಬೇಕು. ಕಲ್ಕುಡನ ಪಾಡ್ದನದ ಬಗ್ಗೆ ಬರೆಯುವಾಗಲೂ 1432 ಮತ್ತು 1604 ಎಂಬ ಎರಡು ಇಸವಿಗಳನ್ನು ಮರೆಯದೆ ಹಾಕಬೇಕು. ಪುರವಣಿಯ ಪದಬಂಧವನ್ನು ಅಷ್ಟು ಮಟ್ಟಿಗೆ ಕಿರಿದು ಮಾಡಿದರೆ ಜಾಗ ಸಿಗುತ್ತದೆ. ಅದನ್ನು ಪ್ರತಿವಾರ ಬಿಡಿಸುವವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ,
ಕಾರ್ಕಳ